ನಮ್ಮ ಮಗುವನ್ನು ಅನ್ಯರು ದಂಡಿಸಿದಾಗ

ಬೇಸಿಗೆಯ ರಜೆಯ ಒಂದು ಸಂಜೆ. ಓಣಿಯ ಮಕ್ಕಳೆಲ್ಲ ಸೇರಿ ಒಂದು ಮನೆಯ ಅಂಗಳದಲ್ಲಿ ಆಡುತ್ತಿದ್ದಾರೆ. ನಾಲ್ಕು ವರ್ಷದ ಬಾಲಕನೊಬ್ಬ ತನ್ನ ಸರದಿ ಬರುವವರೆಗೆ ಕಾಯಲಾರದೆ ಇನ್ನೊಂದು ಮಗುವಿನಿಂದ ಮೂರು ಗಾಲಿಯ ಸೈಕಲನ್ನು ಕಿತ್ತುಕೊಳ್ಳುತ್ತಾನೆ. ಎಳೆದಾಟದಲ್ಲಿ ಆ ಮಗು ಬಿದ್ದು ಮೊಣಕಾಲು ತರಚಿಕೊಳ್ಳುತ್ತದೆ. ಅದರ ತಾಯಿ ಓಡಿಬಂದು ಬಾಲಕನ ಕೈ ಹಿಡಿದೆಳೆದು, ಕೆನ್ನೆಗೆ ಒಂದು ಏಟು ಹಾಕಿ, “ನಿಮ್ಮವ್ವ ಇದನ್ನ ಕಲಿಸ್ಯಾಳೇನು?” ಎಂದು ಎಲ್ಲರೆದುರು ಗದರಿಸುತ್ತಾಳೆ. ಅಳುವಿನ ಧ್ವನಿ ಕೇಳಿ ಬಾಲಕನ ತಾಯಿ ಅಡುಗೆಮನೆಯಿಂದ ಹೊರಗೆ ಬರುತ್ತಾಳೆ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ತನ್ನ ಮಗನ ಮೈಮುಟ್ಟಲು ಇವಳಾರು ಎಂದು ತಾಯಿ ಜಗಳಕ್ಕೆ ನಿಲ್ಲುವುದು ಒಂದು. ನಾಲ್ವರೆದುರು ಆದ ಅವಮಾನಕ್ಕೆ ಕುದಿದು, ತನ್ನ ಮಗನಿಗೇ ಇನ್ನೆರಡು ಬಾರಿಸಿ ಒಳಗೆ ಎಳೆದೊಯ್ಯುವುದು ಮತ್ತೊಂದು. ಮೊದಲನೆಯದರಲ್ಲಿ ಮಗು ತನ್ನ ತಪ್ಪನ್ನು ಅರಿಯದೆ ಉಳಿಯುತ್ತದೆ. ಎರಡನೆಯದರಲ್ಲಿ ಅದು ತನಗೆ ಆಸರೆಯಾಗಬೇಕಾದವರನ್ನೇ ಆ ಗಳಿಗೆಯಲ್ಲಿ ಕಳೆದುಕೊಳ್ಳುತ್ತದೆ. ಈ ಎರಡನ್ನೂ ಬಿಟ್ಟು ಮೂರನೆಯ ದಾರಿಯೊಂದಿದೆ. ಮಗುವಿನ ದೇಹ ಹಾಗೂ ಮನಸ್ಸಿನ ಆರೋಗ್ಯದ ದೃಷ್ಟಿಯಿಂದ ಆ ದಾರಿಯನ್ನು ಇಲ್ಲಿ ವಿಚಾರಿಸೋಣ.

ಗದರಿಸುವ ಹಕ್ಕು ಎಲ್ಲಿಂದ ಬಂತು?

ಊರಿನ ಹಿರಿಯರು ಯಾರ ಮಗುವನ್ನಾದರೂ ಗದರಿಸಿ ತಿದ್ದುತ್ತಿದ್ದ ಕಾಲವೊಂದಿತ್ತು. ಕೆರೆಯ ದಂಡೆಗೆ ಇಳಿದ ಹುಡುಗರನ್ನು ದನ ಕಾಯುವವರು ಹಿಂದಕ್ಕೆ ಅಟ್ಟುತ್ತಿದ್ದರು. ಬಾವಿಯ ಕಟ್ಟೆ ಹತ್ತಿದವನ ಕಿವಿ ಹಿಂಡಿ ಮನೆಗೆ ತಂದು ಬಿಡುತ್ತಿದ್ದರು. ತಂದೆತಾಯಿಗಳು ಅದನ್ನು ಉಪಕಾರವೆಂದೇ ಭಾವಿಸುತ್ತಿದ್ದರು. ಏಕೆಂದರೆ ಗದರಿಸಿದ ಆ ಅಜ್ಜಿಯೇ ಮಗು ಹಸಿದು ಬಂದಾಗ ರೊಟ್ಟಿ ಕೊಡುತ್ತಿದ್ದಳು. ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಿದ್ದಳು. ರೊಟ್ಟಿ ಕೊಟ್ಟ ಕೈಗೆ ಗದರಿಸುವ ಹಕ್ಕೂ ಬಂದಿತ್ತು. ಆ ಕಾಲದಲ್ಲಿಯೂ ಏಟು ತಿಂದ ಮಕ್ಕಳಿಗೆ ನೋವಾಗದೆ ಇರಲಿಲ್ಲ ಎಂಬುದನ್ನು ಮರೆಯಬಾರದು. ಆದರೆ ಗದರಿಸಿದವರು ತನ್ನವರು ಎಂಬ ಭಾವ ಮಗುವಿಗಿತ್ತು.

ಇಂದು ಒಂದೇ ಕಟ್ಟಡದಲ್ಲಿ ವಾಸಿಸುವವರು ಒಬ್ಬರ ಹೆಸರನ್ನೊಬ್ಬರು ಅರಿಯರು. ಒಂದು ಮನೆಯಲ್ಲಿ ಸಲ್ಲುವ ನಡತೆ ಮತ್ತೊಂದು ಮನೆಯಲ್ಲಿ ಸಲ್ಲದು. ಬಾಂಧವ್ಯವಿಲ್ಲದ ಕಡೆಯಿಂದ ಬಂದ ಗದರಿಕೆಯು ಮಗುವಿಗೆ ಬುದ್ಧಿಯಾಗಿ ತೋರದೆ ಭಯವಾಗಿ ತೋರುತ್ತದೆ. ಹಾಗೆಂದು ಪರರು ಮಕ್ಕಳಿಗೆ ಏನನ್ನೂ ಹೇಳಕೂಡದು ಎಂದಲ್ಲ. ಜಾತ್ರೆ, ದಾಸೋಹ, ಮದುವೆಮನೆ, ಶಾಲೆಯ ವಾಹನ, ಆಟದ ಬಯಲು ಇವೆಲ್ಲವೂ ಮಗು ಸಮಾಜದೊಡನೆ ಬಾಳುವುದನ್ನು ಕಲಿಯುವ ಎಡೆಗಳು. ಅಲ್ಲಿ ಮಗುವಿಗೆ ನಾಲ್ಕು ಜನರ ಮಾತು ಬೇಕು. ಆ ಮಾತು ಹೇಗಿರಬೇಕು, ಅದರ ಎಲ್ಲೆ ಯಾವುದು ಎಂಬುದೇ ಪ್ರಶ್ನೆ.

ಎಳೆಯ ಮಗುವಿನ ಸ್ವಭಾವ

ಎರಡರಿಂದ ಆರು ವರ್ಷದೊಳಗಿನ ಮಕ್ಕಳು ಕಿತ್ತುಕೊಳ್ಳುವುದು, ನೂಕುವುದು, ಹಟ ಹಿಡಿಯುವುದು ಸ್ವಾಭಾವಿಕ. ಒಂದರಿಂದ ಮೂರು ವರ್ಷದ ಮಕ್ಕಳಲ್ಲಿ ಕಚ್ಚುವ ರೂಢಿಯೂ ಸಾಮಾನ್ಯ. ತನಗೆ ಬೇಕಾದುದನ್ನು ಹೇಳಲು ಮಾತು ಇನ್ನೂ ಬಾರದಿರುವುದೇ ಇದಕ್ಕೆ ಮುಖ್ಯ ಕಾರಣ. ಎದುರಿಗಿರುವವರ ಮನಸ್ಸಿನಲ್ಲಿ ತನ್ನ ಮನಸ್ಸಿಗಿಂತ ಬೇರೆಯಾದ ಎಣಿಕೆ ಇರಬಹುದೆಂಬ ತಿಳಿವಳಿಕೆ ಬಹುಪಾಲು ಮಕ್ಕಳಲ್ಲಿ ಸುಮಾರು ನಾಲ್ಕನೆಯ ವರ್ಷದ ಹೊತ್ತಿಗೆ ಗಟ್ಟಿಗೊಳ್ಳುತ್ತದೆ. ಅದಕ್ಕೆ ಮೊದಲು “ಹಂಚಿಕೊಂಡು ಆಡು” ಎಂದು ಹೇಳಿದರೆ ಮಗು ಅದನ್ನು ಆಜ್ಞೆಯೆಂದು ಪಾಲಿಸಬಹುದೇ ಹೊರತು ಅದರ ಅರ್ಥವನ್ನು ಪೂರ್ಣವಾಗಿ ಗ್ರಹಿಸಲಾರದು.

ಆರನೆಯ ವಯಸ್ಸಿಗೆ ಮಗುವಿನ ಮೆದುಳು ಗಾತ್ರದಲ್ಲಿ ವಯಸ್ಕರ ಮೆದುಳಿನ ಸುಮಾರು ಶೇಕಡಾ 90ರಷ್ಟು ಬೆಳೆದಿರುತ್ತದೆ. ಆದರೆ ಆವೇಗವನ್ನು ತಡೆಹಿಡಿಯುವ, ಮುಂದಾಲೋಚನೆ ಮಾಡುವ ಹಣೆಯ ಹಿಂಭಾಗದ ಭಾಗವು ಪಕ್ವಗೊಳ್ಳಲು ಇಪ್ಪತ್ತೈದರ ಆಸುಪಾಸಿನವರೆಗೆ ಕಾಲ ಹಿಡಿಯುತ್ತದೆ. ಆದುದರಿಂದ ಒಮ್ಮೆ ಹೇಳಿದ್ದನ್ನು ಮಗು ಮರುದಿನವೇ ಮತ್ತೆ ಮಾಡಿದರೆ ಅದು ಉದ್ಧಟತನವೇ ಎಂದು ತಿಳಿಯಬೇಕಾಗಿಲ್ಲ. ಬಹುತೇಕ ಸಲ ಅದು ಎಳೆತನ. ಎಳೆತನಕ್ಕೆ ತಕ್ಕ ಮದ್ದು ತಾಳ್ಮೆಯಿಂದ ಮತ್ತೆ ಮತ್ತೆ ಹೇಳುವುದು.

ಏಟಿನಿಂದಾಗುವ ಹಾನಿ

ಒಂದು ಏಟಿನಿಂದ ಏನಾದೀತು ಎಂದು ಹಲವರು ಹೇಳುವುದುಂಟು. ಮಗುವಿನ ಅಂಗರಚನೆಯನ್ನು ಬಲ್ಲವರು ಹಾಗೆ ಹೇಳಲಾರರು. ಸಿಟ್ಟಿನಲ್ಲಿ ಮಾಡುವ ಮೂರು ಕ್ರಿಯೆಗಳ ಅಪಾಯವನ್ನು ಪ್ರತಿಯೊಬ್ಬ ಪಾಲಕರೂ ತಿಳಿದಿರಬೇಕು.

ಮೊದಲನೆಯದು, ಕೈ ಹಿಡಿದು ಜಗ್ಗುವುದು. ಐದು ವರ್ಷದೊಳಗಿನ ಮಕ್ಕಳ ಮೊಣಕೈ ಕೀಲಿನ ಪಟ್ಟಿ ಇನ್ನೂ ಸಡಿಲವಾಗಿರುತ್ತದೆ. ಮುಂಗೈ ಹಿಡಿದು ಹಠಾತ್ತನೆ ಎಳೆದರೆ ಎಲುಬು ತನ್ನ ನೆಲೆಯಿಂದ ಜಾರಬಹುದು. ಊತ ಕಾಣದೆ ಇದ್ದರೂ ಮಗು ಆ ಕೈಯನ್ನು ತುಸು ಮಡಿಸಿ ಮೈಗೆ ಒತ್ತಿಕೊಂಡು, ಆಟಿಕೆ ಕೊಟ್ಟರೂ ಆ ಕೈ ಚಾಚುವುದಿಲ್ಲ. ಇಂಥ ವೇಳೆ ಎಣ್ಣೆ ಹಚ್ಚಿ ತಿಕ್ಕುವುದಾಗಲಿ, ಎಳೆದು ಸರಿಪಡಿಸಲು ಯತ್ನಿಸುವುದಾಗಲಿ ಸಲ್ಲದು. ವೈದ್ಯರು ಒಂದು ಸರಳ ಕ್ರಮದಿಂದ ಕೀಲನ್ನು ಕೂಡಿಸಿದರೆ ಬಹುತೇಕ ಮಕ್ಕಳು ಸ್ವಲ್ಪ ಹೊತ್ತಿನಲ್ಲಿಯೇ ಕೈ ಆಡಿಸತೊಡಗುತ್ತಾರೆ. ಮಗು ಬಿದ್ದಿದ್ದರೆ ಅಥವಾ ಊತವಿದ್ದರೆ ಎಲುಬು ಮುರಿದಿದೆಯೇ ಎಂಬುದನ್ನೂ ಪರೀಕ್ಷಿಸಬೇಕಾಗುತ್ತದೆ.

ಎರಡನೆಯದು, ಕಪಾಳಕ್ಕೆ ಹೊಡೆಯುವುದು. ಕೈ ಕಿವಿಯ ಮೇಲೆ ಬಿದ್ದಾಗ ಕಿವಿಯೊಳಗಿನ ಗಾಳಿಯ ಒತ್ತಡ ಒಮ್ಮೆಲೆ ಏರಿ ತೆಳುವಾದ ಕಿವಿತಮಟೆ ಹರಿಯಬಹುದು. ಕಿವಿನೋವು, ಕಿವಿಯಲ್ಲಿ ಗುಂಯ್‌ಗುಡುವುದು, ಸರಿಯಾಗಿ ಕೇಳಿಸದಿರುವುದು, ರಕ್ತ ಅಥವಾ ನೀರಿನಂಥ ದ್ರವ ಒಸರುವುದು ಇದರ ಲಕ್ಷಣಗಳು. ನಮ್ಮ ಮನೆಗಳಲ್ಲಿ ಕಿವಿನೋವೆಂದೊಡನೆ ಬಿಸಿ ಎಣ್ಣೆಯ ಹನಿ ಹಾಕುವ ರೂಢಿಯುಂಟು. ತಮಟೆ ಹರಿದಿರಬಹುದಾದಾಗ ಎಣ್ಣೆಯನ್ನಾಗಲಿ ನೀರನ್ನಾಗಲಿ ಕಿವಿಗೆ ಬಿಡಕೂಡದು. ಕಿವಿಯನ್ನು ಒಣಗಿಟ್ಟು ವೈದ್ಯರಿಗೆ ತೋರಿಸಬೇಕು.

ಮೂರನೆಯದು, ಭುಜ ಹಿಡಿದು ಅಲುಗಾಡಿಸುವುದು. ಎರಡು ವರ್ಷದೊಳಗಿನ ಮಕ್ಕಳಲ್ಲಿ, ಅದರಲ್ಲೂ ಹಸುಗೂಸುಗಳಲ್ಲಿ, ದೇಹಕ್ಕೆ ಹೋಲಿಸಿದರೆ ತಲೆ ಭಾರ, ಕುತ್ತಿಗೆ ದುರ್ಬಲ. ಜೋರಾಗಿ ಅಲುಗಿಸಿದರೆ ಮೆದುಳಿನ ಸುತ್ತ ರಕ್ತಸ್ರಾವವಾಗಿ ಪ್ರಾಣಕ್ಕೇ ಅಪಾಯ ಒದಗಬಹುದು. ಅನಂತರ ವಾಂತಿ, ಮಂಕು, ಅತಿಯಾದ ನಿದ್ದೆ, ಸೆಳವು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇವು ಕಣ್ಣಿಗೆ ಕಾಣುವ ಹಾನಿಗಳು. ಮನಸ್ಸಿಗೆ ಆಗುವ ಹಾನಿ ತಡವಾಗಿ ತೋರುತ್ತದೆ. ಹೊಡೆದಾಗ ಮಗುವಿನ ಎದೆ ಬಡಿತ ಏರುತ್ತದೆ, ಮೈ ಬೆವರುತ್ತದೆ, ಭಯದ ರಸಗಳು ರಕ್ತದಲ್ಲಿ ಹರಿಯುತ್ತವೆ. ಆ ಸ್ಥಿತಿಯಲ್ಲಿ ಅದು ಪಾರಾಗುವ ದಾರಿಯನ್ನು ಹುಡುಕುತ್ತದೆಯೇ ಹೊರತು ಬುದ್ಧಿಮಾತನ್ನು ಕೇಳಿಸಿಕೊಳ್ಳುವುದಿಲ್ಲ. ಐವತ್ತು ವರ್ಷಗಳ ಅವಧಿಯಲ್ಲಿ ಸುಮಾರು 1.6 ಲಕ್ಷ ಮಕ್ಕಳ ಮೇಲೆ ನಡೆದ 75 ಅಧ್ಯಯನಗಳನ್ನು ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ ಎಂಬ ಅಮೆರಿಕದ ಸಂಶೋಧಕರು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದರು. ಪೆಟ್ಟು ತಿಂದು ಬೆಳೆದ ಮಕ್ಕಳಲ್ಲಿ ವಿಧೇಯತೆ ಹೆಚ್ಚಿದ್ದು ಅವರಿಗೆ ಕಂಡುಬರಲಿಲ್ಲ. ಆಕ್ರಮಣಶೀಲತೆ ಹಾಗೂ ಮಾನಸಿಕ ತೊಂದರೆಗಳು ಹೆಚ್ಚಾಗಿದ್ದುದು ಕಂಡುಬಂದಿತು. ಹೊಡೆಯಬೇಡವೆಂದು ಹೊಡೆದು ಕಲಿಸಿದರೆ ಮಗು ಕಲಿಯುವುದು ಹೊಡೆಯುವುದನ್ನೇ.

ಎಲ್ಲೆ ಎಲ್ಲಿದೆ?

ಅನ್ಯರು ನಮ್ಮ ಮಗುವಿಗೆ ಹೇಳಿದ್ದೆಲ್ಲವೂ ಒಂದೇ ಬಗೆಯದಲ್ಲ. ಅದನ್ನು ಮೂರಾಗಿ ವಿಂಗಡಿಸಿಕೊಳ್ಳುವುದು ಲೇಸು.

ಅಪಾಯದಿಂದ ತಡೆಯುವುದು ಮೊದಲನೆಯದು. ರಸ್ತೆಗೆ ಓಡುವ ಮಗುವನ್ನು ಹಿಡಿದು ನಿಲ್ಲಿಸಿದವರು, ಕಲ್ಲೆತ್ತಿದ ಕೈಯನ್ನು ತಡೆದವರು, ಧ್ವನಿ ಎಷ್ಟೇ ಗಡುಸಾಗಿದ್ದರೂ ನಮ್ಮ ಕೃತಜ್ಞತೆಗೆ ಪಾತ್ರರು. ಮಾತಿನಿಂದ ತಿದ್ದುವುದು ಎರಡನೆಯದು. “ಸರದಿಯಲ್ಲಿ ನಿಲ್ಲಪ್ಪಾ”, “ಅನ್ನ ಚೆಲ್ಲಬಾರದು ಮಗೂ” ಎಂಬಂಥ ಮಾತುಗಳನ್ನು ನಾವು ಅಪಮಾನವೆಂದು ಎಣಿಸಬಾರದು. ಇಂಥ ಮಾತಿಗೂ ಸಿಡಿದೇಳುವ ತಂದೆತಾಯಿಗಳ ಮಕ್ಕಳು ಕ್ರಮೇಣ ಯಾರ ಮಾತನ್ನೂ ಕೇಳದವರಾಗುತ್ತಾರೆ. ಅಂಥವರನ್ನು ಆಟಕ್ಕೆ ಕರೆಯಲು ಉಳಿದ ಮಕ್ಕಳ ಮನೆಯವರೂ ಹಿಂಜರಿಯುತ್ತಾರೆ. ಮೂರನೆಯದು ದಂಡನೆ. ಹೊಡೆಯುವುದು, ಚಿವುಟುವುದು, ಕತ್ತಲೆಯಲ್ಲಿ ಕೂಡಿಹಾಕುವುದು, ಊಟ ತಪ್ಪಿಸುವುದು, ಮೈಬಣ್ಣವನ್ನೋ ಮನೆತನವನ್ನೋ ಹೆತ್ತವರನ್ನೋ ಹಿಡಿದು ಹಂಗಿಸುವುದು ಇದರಲ್ಲಿ ಸೇರುತ್ತವೆ. ಇದನ್ನು ಯಾರು ಮಾಡಿದರೂ ಒಪ್ಪಲಾಗದು.

ಸಂಕ್ಷೇಪವಾಗಿ ಹೇಳುವುದಾದರೆ, ಮಗುವಿನ ನಡತೆಯನ್ನು ಕುರಿತು ನಾಲ್ಕು ಜನ ಮಾತನಾಡಬಹುದು. ಮಗುವಿನ ದೇಹದ ಮೇಲೆ ಕೈಮಾಡುವ ಅಧಿಕಾರ ಯಾರಿಗೂ ಇಲ್ಲ.

ಆ ಗಳಿಗೆಯಲ್ಲಿ ಮಾಡಬೇಕಾದುದು

ಮೊದಲು ಮಗುವಿನ ಬಳಿ ಹೋಗಬೇಕು. ಅದರ ಎತ್ತರಕ್ಕೆ ಕುಳಿತು, ಹತ್ತಿರ ಸೆಳೆದುಕೊಂಡು, ಉಸಿರು ಶಾಂತವಾಗುವವರೆಗೆ ಮೌನವಾಗಿರಬೇಕು. ಏನಾಯಿತೆಂದು ಆಗಲೇ ವಿಚಾರಣೆ ಬೇಡ. ಪೆಟ್ಟಾಗಿದ್ದರೆ ಕೈ, ಕಿವಿ, ಮುಖಗಳನ್ನು ನೋಡಿಕೊಳ್ಳಬೇಕು.

ಎರಡನೆಯದಾಗಿ, ನೋವುಂಡ ಇನ್ನೊಂದು ಮಗುವಿನ ಕಡೆಗೆ ತಿರುಗಬೇಕು. “ಅಕ್ಕಾರ, ಮೊದಲ ನಿಮ್ಮ ಕೂಸಿಗೆ ಎಲ್ಲಿ ಪೆಟ್ಟಾಗೇತಿ ನೋಡೋಣ” ಎಂಬ ಒಂದು ಮಾತು ಎದುರಿನ ತಾಯಿಯ ಅರ್ಧ ಸಿಟ್ಟನ್ನು ಇಳಿಸುತ್ತದೆ. ಆಕೆ ಹೊಡೆದದ್ದು ತಪ್ಪೇ ಹೌದು. ಆದರೆ ತನ್ನ ಮಗುವಿನ ನೋವನ್ನು ಕಂಡು ಆಕೆಗೂ ವಿವೇಕ ತಪ್ಪಿರುತ್ತದೆ.

ಮೂರನೆಯದಾಗಿ, ಮಕ್ಕಳೆದುರು ವಾಗ್ವಾದ ಮಾಡಬಾರದು. ಏಟು ಬೀಳುತ್ತಲೇ ಇದ್ದರೆ ನಡುವೆ ನಿಂತು, “ಕೈ ಮಾಡಬ್ಯಾಡ್ರಿ, ನಾ ನೋಡ್ಕೋತೀನಿ” ಎಂದು ದೃಢವಾಗಿ ಹೇಳಿ ಮಗುವನ್ನು ಸರಿಸಿಕೊಂಡರೆ ಸಾಕು. ಉಳಿದ ಮಾತು ಆಮೇಲೆ.

ನಾಲ್ಕನೆಯದಾಗಿ, ಸಿಟ್ಟು ಇಳಿದ ಮೇಲೆ ತಾಯಿಯಾಗಲಿ ತಂದೆಯಾಗಲಿ ತಾವೇ ಅವರ ಮನೆಗೆ ಹೋಗಿ ಮಾತನಾಡಬೇಕು. ಮೂರನೆಯವರ ಮೂಲಕ ಹೇಳಿಕಳಿಸಿದ ಮಾತು ದಾರಿಯಲ್ಲಿ ಬೆಳೆಯುತ್ತದೆ. “ಅಕ್ಕಾರ, ನಿನ್ನೆ ಅಂವ ಮಾಡಿದ್ದು ತಪ್ಪು, ನಾನೂ ಅವಗ ಹೇಳೇನಿ. ನೀವು ಬಾಯಿಲೆ ಬುದ್ಧಿ ಹೇಳ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದರ ಕೈ ಮಾತ್ರ ಮಾಡಬ್ಯಾಡ್ರಿ. ಹಂಗೇನರ ಆದ್ರ ನನ್ನ ಕರೀರಿ.” ಇಷ್ಟರಲ್ಲಿ ತಪ್ಪಿನ ಒಪ್ಪಿಗೆ, ಅವರ ಹಿರಿತನಕ್ಕೆ ಗೌರವ, ದಾಟಬಾರದ ಎಲ್ಲೆ, ಮುಂದಿನ ದಾರಿ ಎಲ್ಲವೂ ಬಂದವು. ಬಹುಪಾಲು ಜನ ಇದನ್ನು ಒಪ್ಪುತ್ತಾರೆ. ಒಪ್ಪದವರ ಮನೆಗೆ ಮಗುವನ್ನು ಒಂಟಿಯಾಗಿ ಕಳುಹಿಸದಿರುವುದು ಕ್ಷೇಮ.

ಕೊನೆಯದಾಗಿ, ಅದೇ ದಿನ ಮಗುವಿನೊಡನೆ ಎರಡು ಮಾತನ್ನು ಬೇರೆಬೇರೆಯಾಗಿ ಆಡಬೇಕು. “ನೀನು ಸೈಕಲ್ ಕಿತ್ತುಕೊಂಡದ್ದು ತಪ್ಪು, ಅವನಿಗೆ ನೋವಾಯಿತು” ಎಂಬುದು ಒಂದು. “ನಿನ್ನನ್ನು ಹೊಡೆದದ್ದೂ ತಪ್ಪು. ಯಾರಾದರೂ ಹೊಡೆದರೆ ನನಗೆ ಬಂದು ಹೇಳು” ಎಂಬುದು ಮತ್ತೊಂದು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಮಗು ಅರ್ಧ ಸತ್ಯವನ್ನಷ್ಟೇ ಕಲಿಯುತ್ತದೆ. ಮರುದಿನ ಮಗುವನ್ನು ಕರೆದೊಯ್ದು, ಬಿದ್ದ ಗೆಳೆಯನಿಗೆ ಅದರ ಕೈಯಿಂದಲೇ ಒಂದು ಬಾಳೆಹಣ್ಣು ಕೊಡಿಸಿದರೆ ಕ್ಷಮೆ ಎಂದರೇನು ಎಂಬುದು ಅದಕ್ಕೆ ತಿಳಿಯುತ್ತದೆ.

ಎರಡನೆಯ ಏಟು

ಮೇಲೆ ಹೇಳಿದ ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಅನ್ಯರು ಹಾಕಿದ ಏಟಿಗಿಂತ, ಅದರ ಬೆನ್ನಿಗೆ ಹೆತ್ತವರು ಹಾಕುವ ಎರಡನೆಯ ಏಟು ಮಗುವಿಗೆ ಹೆಚ್ಚು ಹಾನಿಕರ. ಆ ಏಟು ಮಗುವಿನ ತಪ್ಪಿಗಾಗಿ ಬಿದ್ದುದಲ್ಲ. ನಾಲ್ವರೆದುರು ನಮ್ಮ ಮಾನ ಉಳಿಸಿಕೊಳ್ಳಲು ಬಿದ್ದುದು. “ನಾವು ಮಕ್ಕಳನ್ನು ಶಿಸ್ತಿನಲ್ಲಿಯೇ ಬೆಳೆಸಿದ್ದೇವೆ” ಎಂದು ನೋಡುವವರಿಗೆ ತೋರಿಸಲು ನಾವು ಮಗುವಿನ ಬೆನ್ನನ್ನು ಬಳಸಿಕೊಂಡೆವು ಅಷ್ಟೆ.

ಮಗು ಈ ಲೆಕ್ಕವನ್ನು ಅರಿಯದು. ತನಗೆ ನೋವಾದಾಗ ಓಡಿಹೋಗಬೇಕಾದ ಮಡಿಲಿನಿಂದಲೇ ಮತ್ತೆ ನೋವು ಬಂದಿತೆಂಬುದಷ್ಟೇ ಅದಕ್ಕೆ ಗೊತ್ತು. ಮುಂದೆ ಯಾರಾದರೂ ಹೊಡೆದರೆ, ಹೆದರಿಸಿದರೆ, ಸಲ್ಲದ ರೀತಿಯಲ್ಲಿ ಮೈಮುಟ್ಟಿದರೆ ಅದು ಮನೆಗೆ ಬಂದು ಹೇಳುವುದಿಲ್ಲ. ಹೇಳಿದರೆ ತನಗೇ ಪೆಟ್ಟು ಎಂದು ಅದು ಕಲಿತಿದೆ. ಅನೇಕ ಮಕ್ಕಳು ಬಹುಕಾಲ ಸಂಕಟವನ್ನು ಬಚ್ಚಿಟ್ಟುಕೊಳ್ಳುವುದರ ಹಿಂದೆ ಈ ಭಯವಿರುತ್ತದೆ. ಆದುದರಿಂದ ಅಂಥ ಗಳಿಗೆಯಲ್ಲಿ ಕೈ ಮೇಲೇಳುವ ಮೊದಲು ಈ ಸಿಟ್ಟು ಮಗುವಿನ ಮೇಲೆಯೋ, ನಮ್ಮನ್ನು ನೋಡುತ್ತಿರುವವರ ಮೇಲೆಯೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಈಗಾಗಲೇ ಹಾಗೆ ಮಾಡಿದ್ದರೆ ರಾತ್ರಿ ಮಲಗುವ ಮುನ್ನ ಮಗುವಿನ ತಲೆ ನೇವರಿಸಿ, “ನಾನು ಹೊಡೆಯಬಾರದಿತ್ತು” ಎಂದು ಹೇಳಲು ಸಂಕೋಚ ಬೇಡ. ಅದರಿಂದ ತಂದೆತಾಯಿಗಳ ಗೌರವ ಕುಂದುವುದಿಲ್ಲ.

ಕೂಡು ಕುಟುಂಬದಲ್ಲಿ

ನೆರೆಯವರಿಗೆ ಹೇಳುವುದು ಸುಲಭ. ಒಂದೇ ಮನೆಯಲ್ಲಿರುವ ವಾರಗಿತ್ತಿ, ನಾದಿನಿ, ಭಾವಂದಿರು ನಮ್ಮ ಮಗುವನ್ನು ಹೊಡೆದಾಗ ಹೇಳುವುದು ಕಷ್ಟ. ಇಲ್ಲಿ ಘಟನೆ ನಡೆದ ಮೇಲೆ ಮಾತನಾಡುವುದಕ್ಕಿಂತ ಮೊದಲೇ ಒಪ್ಪಂದ ಮಾಡಿಕೊಳ್ಳುವುದು ಮೇಲು. ಮಕ್ಕಳು ಮಲಗಿದ ಮೇಲೆ ಮನೆಯ ಹಿರಿಯರ ಸಮ್ಮುಖದಲ್ಲಿ ಎಲ್ಲರೂ ಕುಳಿತು ಮೂರು ಮಾತುಗಳನ್ನು ನಿಶ್ಚಯಿಸಿಕೊಳ್ಳಬಹುದು: ಮನೆಯ ಎಲ್ಲ ಮಕ್ಕಳಿಗೂ ಒಂದೇ ನಿಯಮ, ಬುದ್ಧಿ ಹೇಳುವುದು ಎಲ್ಲರ ಕೆಲಸ, ಕೈ ಮಾಡುವುದು ಯಾರ ಕೆಲಸವೂ ಅಲ್ಲ, ಹೆತ್ತವರದೂ ಅಲ್ಲ. ಕೊನೆಯ ಮಾತನ್ನು ನಾವು ಮೊದಲು ಪಾಲಿಸಬೇಕು. ತಾವು ದಿನಕ್ಕೆ ನಾಲ್ಕು ಸಲ ಹೊಡೆಯುವ ಮಗುವನ್ನು ಬೇರೆಯವರು ಮುಟ್ಟಬಾರದೆಂದರೆ ಆ ಮಾತಿಗೆ ತೂಕವಿರದು.

ನಾವು ಪರರ ಮಗುವನ್ನು ತಿದ್ದುವಾಗ

ಇಂದು ದೂರುವವರು ನಾವಾದರೆ ನಾಳೆ ಗದರಿಸುವವರೂ ನಾವೇ ಆಗಬಹುದು. ಅನ್ಯರ ಮಗು ತಪ್ಪು ಮಾಡಿದಾಗ ಮೊದಲು ಅಪಾಯವನ್ನು ತಡೆಯಬೇಕು. ಅನಂತರ ಹೆಸರು ಹಿಡಿದು ಕರೆದು, ಮೆಲುದನಿಯಲ್ಲಿ, ಒಂದೇ ವಾಕ್ಯದಲ್ಲಿ ಹೇಳಬೇಕು. ತಪ್ಪನ್ನು ಹೇಳಬೇಕು, ಮಗುವನ್ನು ಕೆಟ್ಟವನೆಂದು ಹೇಳಬಾರದು. ಅದರ ತಾಯಿತಂದೆಯರ ಹೆಸರೆತ್ತಿ ಹಂಗಿಸಬಾರದು. ಹೆತ್ತವರು ಸಮೀಪದಲ್ಲಿಯೇ ಇದ್ದರೆ ತಿದ್ದುವ ಕೆಲಸವನ್ನು ಅವರಿಗೇ ಬಿಡುವುದು ಉಚಿತ.

ನೆರವು ಯಾವಾಗ ಬೇಕು?

ಘಟನೆಯ ನಂತರ ಒಂದೆರಡು ದಿನ ಮಗು ಮಂಕಾಗಿರುವುದು ಸಹಜ. ಆದರೆ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ಮರಳಿದರೆ, ನಿದ್ದೆಯಲ್ಲಿ ಬೆಚ್ಚಿಬಿದ್ದರೆ, ಒಂದು ಮನೆಗೆ ಅಥವಾ ಒಬ್ಬ ವ್ಯಕ್ತಿಯ ಬಳಿಗೆ ಹೋಗಲು ವಿಪರೀತ ಹೆದರಿದರೆ, ಊಟ ಬಿಟ್ಟರೆ, ಮಾತು ಕಡಿಮೆ ಮಾಡಿದರೆ, ಇವು ವಾರಗಟ್ಟಲೆ ಮುಂದುವರಿದರೆ ಮಕ್ಕಳ ವೈದ್ಯರನ್ನು ಕಾಣಬೇಕು. ಮೈಮೇಲೆ ಬಾಸುಂಡೆ, ಸುಟ್ಟ ಗುರುತುಗಳಿದ್ದರೆ ಅದನ್ನು ಮನೆಮನೆಯ ನಡುವಿನ ಮಾತೆಂದು ಮುಚ್ಚಿಡಬಾರದು. ಸಂಕಟದಲ್ಲಿರುವ ಮಕ್ಕಳಿಗಾಗಿ 1098 ಎಂಬ ಉಚಿತ ದೂರವಾಣಿ ಸಹಾಯವಾಣಿಯಿದೆ. ಮಾನಸಿಕ ಆರೋಗ್ಯದ ಸಲಹೆಗಾಗಿ ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಶಾಲೆಯಲ್ಲಿ ಹೊಡೆತ ಬಿದ್ದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದು ಪಾಲಕರಿಗೆ ತಿಳಿದಿರಲಿ.

ಮಕ್ಕಳ ಜಗಳ ಮರುದಿನಕ್ಕೆ ಉಳಿಯುವುದಿಲ್ಲ. ಸೈಕಲ್ ಕಿತ್ತುಕೊಂಡವನೂ ಬಿದ್ದು ಅತ್ತವನೂ ಮರುದಿನ ಸಂಜೆ ಅದೇ ಅಂಗಳದಲ್ಲಿ ಕೂಡಿ ಆಡುತ್ತಾರೆ. ದೊಡ್ಡವರು ಮಾತ್ರ ವರ್ಷಗಟ್ಟಲೆ ಮುಖ ತಿರುಗಿಸಿಕೊಂಡು ತಿರುಗುತ್ತೇವೆ. ಮಗುವಿನ ಮೈಗೆ ರಕ್ಷಣೆ, ಮಗುವಿನ ತಪ್ಪಿಗೆ ತಿದ್ದುವಿಕೆ, ನೆರೆಯವರೊಡನೆ ಸೌಹಾರ್ದ ಈ ಮೂರನ್ನೂ ಒಟ್ಟಿಗೆ ಕಾಯ್ದುಕೊಳ್ಳಲು ಸಾಧ್ಯವಿದೆ. ಕೈಯನ್ನು ತಡೆದು, ಮಾತನ್ನು ಮೃದುಗೊಳಿಸಿ, ಮೊದಲು ಮಗುವಿನ ಬಳಿ ಹೋಗುವವರಿಗೆ ಅದು ಕಷ್ಟವೂ ಅಲ್ಲ.